ದೀಪದ ಹೊತ್ತಿಗೆ ಬಂದ ಸಾಲಪತ್ರ

೯-೯-೧೯೭೭, ಶುಕ್ರವಾರ. ಕಾಮಾಕ್ಷಿಪಾಳ್ಯ.

ಸಾಲ ವಸೂಲಿಯ ಲಕ್ಷ್ಮೀಪತಿ ಇವತ್ತೂ ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ಬಂದ. ಆ ಹೊತ್ತಿನಲ್ಲಿ ಯಾರೂ ಹೊಸ್ತಿಲಲ್ಲಿ ಜಗಳ ಬಯಸುವುದಿಲ್ಲ, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಕಳಿಸುತ್ತಾರೆ. ಕಳ್ಳನಿಗೆ ಇದು ಗೊತ್ತು.

ಹೊಲಿಗೆ ಮಿಷನ್ನಿಗೆಂದು ಅವ್ವ ಸಾಲಪತ್ರ ಬರೆದುಕೊಟ್ಟು ಆರು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಅಪ್ಪ ಸತ್ತ ಮೇಲೆ ಕಂತು ನಿಂತಿತು. ಇವತ್ತು ಅವನು ಹೊಸ ಪತ್ರಕ್ಕೆ ರೆವಿನ್ಯೂ ಸ್ಟಾಂಪು ಅಂಟಿಸಿಕೊಂಡೇ ಬಂದಿದ್ದ.

"ದುಡ್ಡು ಬೇಡಮ್ಮ, ಒಂದು ಸಹಿ ಹಾಕಿ ಸಾಕು. ಇಲ್ಲಾಂದ್ರೆ ಬೀದೀಲಿ ನಿಂತು ಕೂಗ್ತೀನಿ."

ಅವ್ವ ಪೆನ್ನು ಹಿಡಿದೇಬಿಟ್ಟಳು. ನಾನು ಕೈ ಅಡ್ಡ ಇಟ್ಟೆ.

"ಕೂಗ್ರೀ, ಹಳೇ ಪತ್ರದ ತಾರೀಖನ್ನೂ ಸೇರಿಸಿ ಕೂಗಿ. ಮೂರು ವರ್ಷ ದಾಟಿದ ಪತ್ರ ಕೋರ್ಟಲ್ಲಿ ನಡೆಯಲ್ಲ ಅಂತ ಗೊತ್ತಿದ್ದೇ ಹೊಸ ಸಹಿ ಕೇಳ್ತಿದೀರಿ. ಈ ಸಹಿ ಬಿದ್ರೆ ನಾಳೆ ಮಿಷನ್ ಜಪ್ತಿ."

"ನೀನ್ಯಾವ ಲಾಯರೋ?"

"ಲಾಯರಲ್ಲ, ಆ ಮಿಷನ್ನಿನ ಅನ್ನ ತಿನ್ನೋನು."

ಅವನು ಪತ್ರ ಮಡಚಿಕೊಂಡು ಹೊರಟುಹೋದ.

ಗೆದ್ದೆ ಎಂದುಕೊಂಡು ತಿರುಗಿದರೆ ಅವ್ವನ ಮುಖ ಕೆಂಪಾಗಿತ್ತು. "ಸಾಲ ತಗೊಂಡಿದ್ದು ನಿಜ ಕಣೋ. ಕೈಗೆ ಬಂದಾಗ ನಾನೇ ಕೊಡ್ತೀನಿ. ಆದ್ರೆ ಇನ್ಮೇಲೆ ಅವನಿಗೆ ಹೆದರಿ ಸಹಿ ಹಾಕಲ್ಲ. ಮುಂದಿನ ಶುಕ್ರವಾರ ಬರ್ಲಿ, ನಾನೇ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು."

ಐದು ವರ್ಷದಿಂದ ಸಭೆಸಭೆಯಲ್ಲಿ ಜನರ ಪರವಾಗಿ ಕೂಗಿದ್ದೇನೆ. ಬಾಯಿ ಮುಚ್ಚು ಎಂದಾಗ ಎದೆಯುಬ್ಬಿದ್ದು ಇವತ್ತೇ. ನಾಚಿಕೆಯೂ ಆಯಿತು, ಇಷ್ಟು ದಿನ ಅವಳಿಗೆ ಮಾತೇ ಬರುವುದಿಲ್ಲವೆಂದು ನಾನು...

ಸಾಕು, ಕಣ್ಣು ಎಳೆಯುತ್ತಿದೆ.