ರೆನಾತಾಳ ಹೆಸರಿನಲ್ಲಿ ಬಂದ ಬಿಸ್ಕತ್ತು

ತೆಲ್ಚ್
ಗುರುವಾರ, ೧೮ ಡಿಸೆಂಬರ್ ೧೯೯೭

ಓಲ್ದಾ,

ಹೆಸರಿಗೆ ಮೊದಲು ಬರೆಯುತ್ತಿದ್ದ 'ಪ್ರೀತಿಯ' ಎಂಬ ಮಾತನ್ನು ಬಿಟ್ಟಿದ್ದೇನೆ. ಎರಡು ವರ್ಷದಿಂದ ಅದಕ್ಕೆ ಇಲ್ಲಿ ಕೆಲಸವಿಲ್ಲ.

ನಿನ್ನ ಪತ್ರ ಮತ್ತು ಬಿಸ್ಕತ್ತಿನ ಡಬ್ಬಿ ಮೊನ್ನೆ ಮಂಗಳವಾರ ಒಟ್ಟಿಗೇ ತಲುಪಿದವು. ಇಪ್ಪತ್ತನಾಲ್ಕರ ಸಂಜೆ ಕ್ರಿಸ್‌ಮಸ್ ಹಬ್ಬದ ಊಟಕ್ಕೆ ನಮ್ಮ ಮೇಜಿಗೆ ಬಂದು ಕೂರಬಹುದೇ ಎಂದು ಕೇಳಿದ್ದೀಯ. ಅದರ ಕೆಳಗೇ, ಡಬ್ಬಿಯಲ್ಲಿರುವುದೆಲ್ಲ ರೆನಾತಾ ಕೈಯಾರೆ ಮಾಡಿದ್ದು, ನಮಗೆಲ್ಲ ಹಬ್ಬದ ಉಡುಗೊರೆ ಎಂದೂ ಸೇರಿಸಿದ್ದೀಯ. ಯಾವಳಿಗಾಗಿ ಹೆಂಡತಿಯನ್ನು ಬಿಟ್ಟು ಯಿಹ್ಲಾವಾಗೆ ಓಡಿದೆಯೋ, ಅವಳ ಕೈತಿಂಡಿಯನ್ನೇ ಹೆಂಡತಿಗೆ ಲಂಚವಾಗಿ ಕಳಿಸುವ ಗಂಡಸು ಇಡೀ ಮೊರಾವಿಯಾದಲ್ಲಿ ನೀನೊಬ್ಬನೇ ಇರಬೇಕು.

ಮೊದಲು ತಿಂಡಿಯ ವಿಚಾರ. ಮೂರೇ ಬಗೆ! ನಮ್ಮ ಬೀದಿಯಲ್ಲಿ ಎಂಟಕ್ಕಿಂತ ಕಡಿಮೆ ಮಾಡಿದವಳು ಜನವರಿ ಮುಗಿಯುವವರೆಗೂ ಅಂಗಡಿಯ ಸಾಲಿನಲ್ಲಿ ತಲೆ ಎತ್ತುವುದಿಲ್ಲ. ಈ ಸಲ ನನ್ನದು ಹನ್ನೊಂದು. ಆ ಮೂರರ ಚೆಂದವನ್ನೂ ಕೇಳು. ವೆನಿಲಾ ಅರ್ಧಚಂದ್ರ ಬಿಸ್ಕತ್ತುಗಳು ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಒಲೆಯಿಂದ ತೆಗೆದು ಪೂರ್ತಿ ಆರಿದ ಮೇಲೆ ಸಕ್ಕರೆಯಲ್ಲಿ ಹೊರಳಿಸಿದ್ದಾರೆ, ಹಾಗಾಗಿ ಸಕ್ಕರೆಯೆಲ್ಲ ಡಬ್ಬಿಯ ತಳದಲ್ಲಿತ್ತು. ಕರಡಿ ಪಂಜದ ಅಚ್ಚಿನ ಬಿಸ್ಕತ್ತುಗಳ ಹೊಟ್ಟೆ ಕರಕಲು. ಕರಕಲನ್ನು ಯಾರೋ ಚಾಕುವಿನಿಂದ ಕೆರೆದಿದ್ದಾರೆ, ಅದೂ ಕಿಟಕಿ ಚೌಕಟ್ಟಿನ ಬಣ್ಣ ಕೆರೆದ ಹಾಗೆ. ಇದನ್ನೆಲ್ಲ ನಾನು ಯಿತ್ಕಾಳ ಮುಂದೆ ಮೇಜಿನ ಮೇಲೆ ಹರವಿಕೊಂಡು, ನಿನ್ನ ಅಪ್ಪನನ್ನು ಕೆಡಿಸಿದ ಸುಂದರಿಯ ಕೈಚಳಕ ನೋಡು ಎಂದೆ. ಮಗಳು ಬಿಸ್ಕತ್ತನ್ನು ಬಿಟ್ಟು ಗೋಡೆ ನೋಡುತ್ತಿದ್ದಳು.

ಅಷ್ಟರಲ್ಲಿ ನಿನ್ನ ಅಮ್ಮ ಎದ್ದು ಬಂದರು. ಹೌದು, ಎರಡು ವರ್ಷದ ಹಿಂದೆ ಹಳೇ ಬೀರುವಿನ ಜೊತೆ ನೀನು ಇಲ್ಲೇ ಬಿಟ್ಟುಹೋದ ಅಮ್ಮ. ಕೋಲೂರಿಕೊಂಡು ಬಂದವರು ಮೂರನೆಯ ಬಗೆಯನ್ನು ಕೈಗೆತ್ತಿಕೊಂಡರು, ಕಣಜದ ಗೂಡಿನ ಆಕಾರದ, ಹೊಟ್ಟೆಯಲ್ಲಿ ಕೆನೆ ತುಂಬಿದ ಬಿಸ್ಕತ್ತು. ಹಬ್ಬಕ್ಕೆ ಮುಂಚೆ ಮುಟ್ಟಬೇಡಿ ಎಂದೆ. "ಸುಮ್ನಿರೇ ವ್ಲಾಸ್ತಾ, ಎಂಬತ್ನಾಲ್ಕು ವರ್ಷ ಕಾದಿದೀನಿ, ಸಾಲ್ದಾ?" ಎಂದು ಗೂಡನ್ನು ಎರಡಾಗಿ ಮುರಿದರು. ರಮ್ಮಿನ ಕೆನೆ ಸುರಿದು ಮೇಜಿನ ಬಟ್ಟೆ ಹಾಳಾಯಿತು. ಅಮ್ಮನಿಗೆ ಅದರ ಪರಿವೆಯೇ ಇಲ್ಲ. ಕೆನೆ ತುಂಬುವ ತೂತನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು, ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು.

"ಇದ್ಯಾವ ರೆನಾತಾನೂ ಮಾಡಿದ್ದಲ್ಲ ಕಣೇ. ನಮ್ಮ ಓಲ್ದಾ ಮಾಡಿರೋದು. ತೂತು ನೋಡು."

ನೋಡಿದೆ. ನಾವು ಹೆಂಗಸರೆಲ್ಲ ಮರದ ಸೌಟಿನ ಹಿಡಿಯಿಂದ ತೂತು ಮಾಡುತ್ತೇವೆ, ಅದು ದುಂಡಗಿರುತ್ತದೆ. ಇದಕ್ಕೆ ಆರು ಮೂಲೆಗಳಿದ್ದವು. ನಿನ್ನ ಕಿವಿಯ ಮೇಲೆ ಸದಾ ಕೂತಿರುವ ಪೆನ್ಸಿಲ್ಲು! ಬಡಗಿಯ ಬುದ್ಧಿ ಎಲ್ಲಿ ಹೋಗುತ್ತದೆ! ತೊಳೆದಾದರೂ ಚುಚ್ಚಿದೆಯೋ ಇಲ್ಲವೋ ದೇವರಿಗೇ ಗೊತ್ತು.

ಮಗಳ ಕಡೆ ತಿರುಗಿದೆ. ಆಗ ಬಾಯಿ ಬಿಟ್ಟಳು. "ರೆನಾತಾ ಸೆಪ್ಟೆಂಬರ್‌ನಲ್ಲೇ ಹೋಗ್ಬಿಟ್ಲಮ್ಮ. ಅಪ್ಪ ಯಾರಿಗೂ ಹೇಳ್ಬೇಡ ಅಂದಿದ್ರು. ಕೆಲಸ ಮಾಡೋ ಕಾರ್ಖಾನೆ ಹಿಂದೆ ಒಂದು ರೂಮಲ್ಲಿದಾರೆ. ಒಲೆ ಕೂಡ ಪಕ್ಕದ್ಮನೆಯೋರ್ದು."

ಅಂದರೆ ಮೂರು ತಿಂಗಳಿಂದ ಒಂಟಿಯಾಗಿದ್ದೀಯ. ಒಬ್ಬನೇ ಇದ್ದೇನೆ ಎಂದು ಒಂದು ಸಾಲು ಬರೆಯುವ ಬದಲು, ಬಿಟ್ಟುಹೋದವಳ ಹೆಸರನ್ನೇ ಡಬ್ಬಿಗೆ ಅಂಟಿಸಿ ಕಳಿಸಿದೆ. ಗೊತ್ತಾದರೆ ನಾನು ನಗುತ್ತೇನೆಂದೇ? ನಕ್ಕೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿಕೊಂಡು ನಕ್ಕೆ. ಯಿತ್ಕಾ ಹೊರಗೆ ನಿಂತು, "ಅಳ್ಬೇಡಮ್ಮ, ಅಳ್ಬೇಡ" ಎನ್ನುತ್ತಿದ್ದಳು. ಈ ವಯಸ್ಸಿಗೇ ಅವಳ ಕಿವಿ ಮಂದವಾಗಿದೆ.

ನನಗೆ ಸಿಟ್ಟು ಬಂದದ್ದು ರೆನಾತಾಳ ಮೇಲಲ್ಲ. ಅವಳು ಬುದ್ಧಿವಂತೆ, ನಿನ್ನ ವಿಷಯದಲ್ಲಿ ನಾನು ಕಲಿಯಲು ಇಪ್ಪತ್ತೆರಡು ವರ್ಷ ತೆಗೆದುಕೊಂಡದ್ದನ್ನು ಎರಡೇ ವರ್ಷದಲ್ಲಿ ಕಲಿತಳು. ಸಿಟ್ಟು ಆ ಗೂಡಿನ ಮೇಲೆ. ಯಾಕೆಂದರೆ ಚೂರು ತಿಂದೆ, ಚೆನ್ನಾಗಿತ್ತು. ಅಚ್ಚಿಗೆ ಸಕ್ಕರೆ ಉದುರಿಸಿ, ಹಿಟ್ಟನ್ನು ಒತ್ತಿ, ಅಂಚು ಒಡೆಯದಂತೆ ತಟ್ಟಿ ಬೀಳಿಸುವುದು ನಿನಗೆ ಬರುತ್ತಿತ್ತು. ಚಿಕ್ಕಂದಿನಲ್ಲೇ ಕಲಿಸಿದ್ದೆ ಎಂದು ನಿನ್ನ ಅಮ್ಮ ಈಗ ಹೇಳುತ್ತಾರೆ. ಇಪ್ಪತ್ತೆರಡು ಡಿಸೆಂಬರ್‌ಗಳಲ್ಲಿ ನಾನು ಸೊಂಟ ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದಾಗ ನೀನು ಅಡುಗೆಮನೆಗೆ ಬಂದದ್ದು ಕದ್ದು ತಿನ್ನುವುದಕ್ಕೆ. ಒಂದು ಸಂಜೆ, ಒಂದೇ ಒಂದು ಸಂಜೆ ಪಕ್ಕದಲ್ಲಿ ಕೂತು ಆ ಅಚ್ಚು ಹಿಡಿದಿದ್ದರೆ ನಿನ್ನ ಗಂಡಸುತನ ಕರಗಿಹೋಗುತ್ತಿತ್ತೇ? ಇದನ್ನು ನಾನು ಕ್ಷಮಿಸುವುದಿಲ್ಲ. ಆ ಹೆಂಗಸಿನ ವಿಚಾರವನ್ನಾದರೂ ಒಂದು ದಿನ ಮರೆತೇನು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಬೇಡ ಎಂದು ಕಡ್ಡಿ ಮುರಿದಂತೆ ಬರೆಯಲು ಕಾಗದ ತೆಗೆದಿದ್ದೆ. ನಿನ್ನ ಅಮ್ಮ ಬಿಡಲಿಲ್ಲ. ಕಳೆದ ವರ್ಷ ಪಕ್ಕದ ಮನೆಯ ಬ್ಲಾಜೆನಾ ನಾಲ್ಕನೆಯವಳಾಗಿ ಬಂದಿದ್ದಳು, ಈ ಸಲ ಅವಳು ಅಣ್ಣನ ಮನೆಗೆ ಹೊರಟಿದ್ದಾಳೆ. ಉಳಿದವರು ಮೂವರು. ಆ ರಾತ್ರಿಯ ಮೇಜಿಗೆ ಬೆಸಸಂಖ್ಯೆಯಲ್ಲಿ ಕೂತರೆ ಮುಂದಿನ ಹಬ್ಬಕ್ಕೆ ಒಬ್ಬರು ಇರುವುದಿಲ್ಲ ಎಂಬ ಭಯ ಅವರಿಗೆ ಎಷ್ಟೆಂದು ನಿನಗೇ ಗೊತ್ತು. "ಮೂರು ತಟ್ಟೆ ಇಟ್ರೆ ನಾನ್ ಕೂರಲ್ಲ. ಹೋಗೋಳು ಯಾರು ಅಂತ ನಂಗೊತ್ತಿಲ್ವಾ?" ಎಂದು ಹಟ ಹಿಡಿದಿದ್ದಾರೆ.

ಆದ್ದರಿಂದ ಬಾ. ಗಂಡನಾಗಿ ಬೇಡ, ಅತಿಥಿಯಾಗಿಯೂ ಬೇಡ, ನಾಲ್ಕನೆಯ ತಟ್ಟೆಯಾಗಿ ಬಾ. ಮೀನು ಹುರಿಯುವುದು ಐದು ಗಂಟೆಗೆ. ಬೂಟು ಹೊರಗೆ ಬಿಡು. ಹಲ್ಲು ಕಿರಿಯಬೇಡ, ಕಣ್ಣೀರೂ ಬೇಡ. ಊಟ ಮುಗಿಯುವವರೆಗೆ ಯಾರೂ ಮೇಜಿನಿಂದ ಏಳಬಾರದು, ಅದೂ ಅಮ್ಮನ ನಿಯಮ. ಎದ್ದು ಹೋಗುವುದು ನಿನಗೆ ಚೆನ್ನಾಗಿ ಅಭ್ಯಾಸವಾಗಿರುವುದರಿಂದ ಮುಂಚಿತವಾಗಿ ತಿಳಿಸುತ್ತಿದ್ದೇನೆ. ಯಿಹ್ಲಾವಾಗೆ ಹಿಂತಿರುಗುವ ಕೊನೆಯ ಬಸ್ಸು ಏಳೂವರೆಗೆ.

ಇನ್ನೂ ಕಾನೂನಿನ ಪ್ರಕಾರ ಮಾತ್ರ ನಿನ್ನವಳಾದ,
ವ್ಲಾಸ್ತಾ

ಮರೆತ ಮಾತು: ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದು ನಮ್ಮ ಮನೆಯ ಕ್ರಮವಲ್ಲ, ಅದಕ್ಕೇ ಅಕ್ರೋಟು ಬಿಸ್ಕತ್ತು ತುಂಬಿದ್ದೇನೆ. ಯಿತ್ಕಾಗೆ ಅಕ್ರೋಟು ತಿಂದರೆ ಮೈಯೆಲ್ಲ ದದ್ದು. ಅಮ್ಮನ ಹಲ್ಲುಕಟ್ಟಿಗೆ ಅದರ ಚೂರು ಸಿಕ್ಕಿಕೊಳ್ಳುತ್ತದೆ. ನಾನು ಕಹಿಯೆಂದು ಮುಟ್ಟುವುದಿಲ್ಲ. ಜಾಮ್ ಹಚ್ಚಿ ಜೋಡಿಸಿ ಮೂರು ವಾರ ತಣ್ಣನೆಯ ಉಗ್ರಾಣದಲ್ಲಿ ಇಟ್ಟಿದ್ದೆ, ಈಗ ನಿನಗೆ ಬೇಕಾದಷ್ಟು ಮೆತ್ತಗಾಗಿವೆ. ನಿನ್ನ ಪತ್ರ ಬಂದು ಎರಡೇ ದಿನವಾಯಿತಲ್ಲ ಎಂದು ಲೆಕ್ಕ ಹಾಕುತ್ತ ಕೂರಬೇಡ.