ಆ ನೆಲಕ್ಕೆ ನೀನು ಏನು ಹಾಕುತ್ತಿದ್ದೆ?

ಅವ್ವ, ಕೊಪ್ಪದ ಪಾರ್ಕಿನೊಳಗಿನ ಹಳೇ ಮನೆಯ ದುರಸ್ತಿಗೆ ಹಣ ಕೂಡಿಸಲು ಇವತ್ತು ಸಂಜೆ ಏಳಕ್ಕೆ ಅಲ್ಲೇ ಸಂಗೀತ, ಊಟ ಇಟ್ಟಿದ್ದರು. ನೀನೀಗ ಇಲ್ಲವಲ್ಲ, ಮೂವತ್ತು ವರ್ಷ ಆ ಮನೆಯ ನೆಲ ತಿಕ್ಕಿದವಳ ಮಗಳೆಂದು ನನ್ನನ್ನೂ ಕರೆದು, ಮುಂದಿನ ಕುರ್ಚಿಯಲ್ಲಿ ಕೂರಿಸಿದರು.

ದುರಸ್ತಿ ಸಮಿತಿಯ ದಾಕ್ಷಾಯಿಣಮ್ಮ ಕೇಳಿದರು: "ಆ ಕಪ್ಪು ನೆಲ ಕನ್ನಡಿ ಹಂಗೆ ಹೊಳೀತಿತ್ತು. ನಿಮ್ಮವ್ವ ಅದಕ್ಕೆ ಎಂತ ಹಾಕ್ತಿದ್ಲು ಮಾರಾಯ್ತಿ? ನೀ ಹೇಳಿದ್ರೆ ಹಂಗೇ ಮಾಡಿಸ್ಬಹುದು."

"ತೆಂಗಿನ ಗೆರಟೆ ಇದ್ದಿಲು. ಜೊತೆಗೆ ಎಂತದೋ ಸೊಪ್ಪಿನ ರಸ, ಯಾವ್ದು ಅಂತ ಗೊತ್ತಿಲ್ಲಮ್ಮ" ಅಂದೆ.

ನೀನು ಅದನ್ನು ಹೇಳಲು ಬಂದಾಗಲೆಲ್ಲ ನಾನು ನಿನ್ನ ಮಸಿ ಕೈ ನೋಡಿ, ಮೊದಲು ಕೈ ತೊಳೆದುಕೊಂಡು ಬಾ ಎನ್ನುತ್ತಿದ್ದೆ.

ಆಮೇಲೆ ಮೈಕಿನಲ್ಲಿ ನಿನ್ನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಿತ್ತೋ, ಎದ್ದು ನಿಲ್ಲಬೇಕಿತ್ತೋ, ತಿಳಿಯದೆ ಸೆರಗು ಹಿಡಿದು ಕೂತಿದ್ದೆ.

ನಾಳೆ ಹತ್ತು ಗಂಟೆಗೆ ಟೈಲ್ಸಿನವರು ಆ ನೆಲದ ಅಳತೆಗೆ ಬರುತ್ತಾರೆ.