ಕಡಿಮೆ ಅಪಾಯದ ಚಿಕ್ಕಮ್ಮನಿಗೆ

ಜಿನೀವಾ, ಭಾನುವಾರ

ಹಂದನಕೆರೆ ಚಿಕ್ಕಮ್ಮಂಗೆ,

ಇಲ್ಲಿ ಕೆರೆ ನಡುವೆ ನೀರು ಆಕಾಶಕ್ಕೆ ಚಿಮ್ಮುತ್ತೆ, ಯಾರ ತೋಟಕ್ಕೂ ಹೋಗಲ್ಲ. ನನ್ನ ಕೆಲಸವೂ ಹಾಗೇ. ಎಚ್‌ಐವಿ ಹೇಗೆ ಹರಡುತ್ತೆ ಅಂತ ದೊಡ್ಡವರು ಕಂಪ್ಯೂಟರಲ್ಲಿ ಕಟ್ಟಿರೋ ಲೆಕ್ಕದ ಮಾಡೆಲ್‌ಗಳನ್ನು ಪರಿಶೀಲಿಸ್ತಾ ಇದೀನಿ. ಮದುವೆಯಾದ ಹೆಂಗಸರನ್ನೆಲ್ಲ ಒಂದೇ ರಾಶಿಗೆ ಸುರಿದು ‘ಕಡಿಮೆ ಅಪಾಯ’ ಅಂತ ಬರೆದಿದ್ದಾರೆ. ಗಂಡ ಎಂಥವನು ಅಂತ ಕೇಳೋದು ಮರ್ಯಾದೆ ಅಲ್ಲವೇನೋ. ನೀನಾದ್ರೆ ಅಟ್ಟದ ತೆಂಗಿನಕಾಯಿ ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ ನೋಡದೆ ಸುಲಿಯೋಕೆ ಬಿಡಲ್ಲ.

ನಿನ್ನ ಕಾಯಿಲೆ ವಿಷಯ ನೀನೇ ಸ್ತ್ರೀಶಕ್ತಿ ಸಂಘದಲ್ಲಿ ಎದ್ದು ಹೇಳಿದೀಯ, ಈ ಕಾರ್ಡನ್ನ ಪೋಸ್ಟ್‌ಮ್ಯಾನ್ ಓದಿದ್ರೆ ಓದ್ಲಿ ಬುಡು. ಇವರ ಲೆಕ್ಕದಲ್ಲಿ ಚಿಕ್ಕಪ್ಪನಿಂದ ನಿನಗೆ ಏನೂ ಬಂದಿಲ್ಲ. ಬರದೇ ಇರೋ ಆ ಕಾಯಿಲೆಗೆ ದಿನಾ ಮಾತ್ರೆ ನುಂಗೋದು ತಪ್ಪಿಸಬೇಡ ಕಣಮ್ಮ.

ಗಂಗಲಕ್ಷ್ಮಿ